ಸರೋಜಮ್ಮನ ಶೆಡ್ಡಿನ ಮೂರನೇ ಮತ

ಇವತ್ತು ಬೆಳಿಗ್ಗೆ ಮೆಟ್ರೊದಲ್ಲಿ ಪಕ್ಕ ನಿಂತಿದ್ದವರ ಅಂಗಿಯಿಂದ ಕೂಲೆಂಟ್ ವಾಸನೆ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲೇತ್ ಯಂತ್ರದಲ್ಲಿ ಉಕ್ಕು ಕೊರೆಯುವಾಗ ಕಾಯದಿರಲೆಂದು ಹಾಲಿನಂಥ ನೀರು ಸುರಿಸುತ್ತಾರಲ್ಲ, ಅದು. ಸ್ವಲ್ಪ ಎಣ್ಣೆ, ಸ್ವಲ್ಪ ಸೋಪು, ಸ್ವಲ್ಪ ಹುಳಿ ಮಜ್ಜಿಗೆ. ಮೂಗಿಗೆ ಬಿದ್ದದ್ದೇ ನನಗೆ ಸರೋಜಮ್ಮ ನೆನಪಾದರು. ತಮಾಷೆಯೆಂದರೆ ಅವರ ಶೆಡ್ಡಿನಲ್ಲಿ ಲೇತ್ ಇರಲೇ ಇಲ್ಲ. ಅವರು ರಟ್ಟಿನ ಪೆಟ್ಟಿಗೆ ಮಾಡಿಸುತ್ತಿದ್ದರು. ಅಲ್ಲಿದ್ದದ್ದು ಅಂಟಿನ ವಾಸನೆ. ನನ್ನ ನೆನಪು ಹೀಗೇ, ಒಬ್ಬರ ಸಾಮಾನು ಒಯ್ದು ಇನ್ನೊಬ್ಬರ ಮನೆಯಲ್ಲಿ ಇಡುತ್ತದೆ. ಮುಂದೆ ಓದುವಾಗ ಇದು ಗಮನದಲ್ಲಿರಲಿ.

ಲೇತ್‌ಗಳಿದ್ದದ್ದು ಅವರ ತಮ್ಮಂದಿರ ಹತ್ತಿರ. ಪೀಣ್ಯದ ಮಗ್ಗುಲಲ್ಲಿ, ಅಪ್ಪ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ, ರಸ್ತೆಯ ಆ ಕಡೆಯ ಶೆಡ್ಡು ದೊಡ್ಡ ತಮ್ಮ ಗಂಗಾಧರಪ್ಪನವರದು, ಈ ಕಡೆಯದು ಚಿಕ್ಕವರಾದ ಪುಟ್ಟಸ್ವಾಮಿಯವರದು. ಶೆಡ್ಡು ಎರಡು, ಕಂಪನಿ ಒಂದು, ಗೇರ್ ಚಕ್ರ ಮಾಡುವ ಕೆಲಸ. ಅಣ್ಣತಮ್ಮಂದಿರಲ್ಲಿ ಮಾತು ನಿಂತಿತ್ತು. ಯಾಕೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಅವರಿಗೂ ಮರೆತುಹೋಗಿತ್ತೆಂದು ನನ್ನ ಗುಮಾನಿ.

ನಾನು ವೈಟ್‌ಫೀಲ್ಡಿನ ಒಂದು ಪುಟ್ಟ ಕಂಪ್ಯೂಟರ್ ಕಂಪನಿಯಿಂದ ಅವರ ಕೆಲಸಕ್ಕೆ ಹೋದವನು. ಅಣ್ಣತಮ್ಮಂದಿರ ದೊಡ್ಡ ಗಿರಾಕಿಯೊಬ್ಬರು ಷರತ್ತು ಹಾಕಿದ್ದರು: ನಿಮ್ಮ ಕಂಪ್ಯೂಟರ್ ಯಾವತ್ತೂ ನಿಲ್ಲಬಾರದು. ಅದಕ್ಕೆ ಶೆಡ್ಡಿಗೊಂದರಂತೆ ಎರಡು ಸರ್ವರ್, ಒಂದು ಮಲಗಿದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ. ಆದರೆ ಎರಡೂ ಒಂದೇ ಮಾಹಿತಿಯನ್ನು ಓದಬೇಕಾದರೆ ಡಿಸ್ಕು ಯಾವ ಸರ್ವರಿನ ಹೊಟ್ಟೆಯಲ್ಲೂ ಇರಬಾರದು. ಹೊರಗೆ ಒಂದು ಪೆಟ್ಟಿಗೆಯಲ್ಲಿರಬೇಕು, ಗಾಜಿನ ಎಳೆಯ ಕೇಬಲ್ಲಿನಲ್ಲಿ ಎರಡಕ್ಕೂ ಸಿಗಬೇಕು. ಈ ಪೆಟ್ಟಿಗೆ, ಕೇಬಲ್ಲು, ನಡುವಿನ ಸ್ವಿಚ್ಚು ಎಲ್ಲ ಸೇರಿ ‘ಸ್ಯಾನ್’, ಅಂದರೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್. ಓದಿಕೊಂಡು ಹೋಗಿದ್ದೆ. ಪೆಟ್ಟಿಗೆ ಎಲ್ಲಿಡಬೇಕು ಎಂಬ ಮೊದಲ ಪ್ರಶ್ನೆಗೇ ಮುಗ್ಗರಿಸಿದೆ.

“ನನ್ ಶೆಡ್ಡಲ್ಲಿ,” ಅಂದರು ಗಂಗಾಧರಪ್ಪ, ನನ್ನ ಕಡೆ ನೋಡಿ.

“ಅಂಗಾದ್ರೆ ಆಳಿಗೊಂದು ಕೊಟ್ಬಿಡಿ ಸಾರ್, ತಂಟೇನೇ ಬ್ಯಾಡ,” ಅಂದರು ಪುಟ್ಟಸ್ವಾಮಿ, ಅವರೂ ನನ್ನ ಕಡೆಯೇ ನೋಡಿ.

ಮೂಲೆಯ ಕುರ್ಚಿಯಲ್ಲಿದ್ದ ಸರೋಜಮ್ಮನನ್ನು ಟೀ ಕೊಡಲು ಬಂದವರೆಂದುಕೊಂಡಿದ್ದೆ. ಅವರು ಇಬ್ಬರಿಗೂ ಅಕ್ಕ, ಕಂಪನಿಯಲ್ಲಿ ಮೂರನೇ ಪಾಲುದಾರರು. “ಇವತ್ತು ಪೆಟ್ಟಿಗೆ ಬೇರೆ ಅಂತೀರಾ, ನಾಳೆ ಬೋರ್ಡು ಬೇರೆ ಅಂತೀರಾ. ಅಪ್ಪನ ಹೆಸರಿರೋ ಬೋರ್ಡು ಒಂದೇ ಐತೆ. ಗರಗಸ ಹಾಕಿ ಕುಯ್ತೀರೇನ್ರೋ?”

ಆಮೇಲೆ ಗೇಟಿನವರೆಗೆ ನನ್ನ ಜೊತೆ ಬಂದರು. “ಸಾರ್, ಇಬ್ರೂ ಬೇರೆ ಆಗೋಕೆ ಒಂದು ನೆಪ ಹುಡುಕ್ತಾವ್ರೆ. ನೀವು ಆ ನೆಪ ಆಗ್ಬ್ಯಾಡಿ.” ಗೇಟಿನಲ್ಲೇ ಹೇಳಿದ್ದು ಎಂದು ಆಣೆ ಮಾಡಲಾರೆ. ಮಾತು ಮಾತ್ರ ಅದೇ.

ಆ ಮಾತು ಹೊತ್ತುಕೊಂಡು ನಕ್ಷೆ ಬರೆಯಲು ಕೂತೆ. ಶೆಡ್ಡಿಗೊಂದು ಪೆಟ್ಟಿಗೆ ಇಡುವುದು, ಆದರೆ ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಬೇಕು. ಮನುಷ್ಯರ ಕಣ್ಣಿಗೆ ಎರಡು, ಸರ್ವರಿನ ಕಣ್ಣಿಗೆ ಒಂದೇ. ಇಬ್ಬರೂ ಒಪ್ಪಿದರು, ತಾನು ಗೆದ್ದೆನೆಂದು ಇಬ್ಬರಿಗೂ ಅನ್ನಿಸಿದ್ದರಿಂದ. ರಸ್ತೆ ದಾಟಲು ಎರಡು ಕೇಬಲ್ಲು: ಒಂದು ಕಂಬದ ಮೇಲೆ, ಒಂದು ಚರಂಡಿಯ ಕೆಳಗೆ. ಎರಡನ್ನೂ ಚರಂಡಿಯಲ್ಲೇ ಬಿಟ್ಟರೆ, ರಸ್ತೆ ಅಗೆಯುವವರ ಒಂದೇ ಏಟಿಗೆ ಎರಡೂ ಹೋಗುತ್ತವೆ.

“ಎರಡೂ ಒಟ್ಗೆ ಕಿತ್ಕೊಂಡ್ರೆ?” ಎಂದು ಕೇಳಿದವರು ಪುಟ್ಟಸ್ವಾಮಿ.

ವಿವರಿಸಿದೆ. ಈ ಕಡೆಯ ಸರ್ವರಿಗೆ ಆ ಕಡೆಯದರ ಸದ್ದು ಕೇಳುವುದಿಲ್ಲ. ಅದು ಸತ್ತಿತೆಂದು ತಿಳಿದು, ಇನ್ನು ಯಜಮಾನ ತಾನೇ ಎಂದು ತನ್ನ ಪೆಟ್ಟಿಗೆಯಲ್ಲಿ ಬರೆಯುತ್ತಾ ಹೋಗುತ್ತದೆ. ಆ ಕಡೆಯದೂ ಹಾಗೇ ಮಾಡುತ್ತದೆ. ಇಬ್ಬರೂ ಬದುಕಿದ್ದಾರೆ, ಇಬ್ಬರ ಲೆಕ್ಕದಲ್ಲೂ ಇನ್ನೊಬ್ಬ ಇಲ್ಲ. ಆಮೇಲೆ ಎರಡನ್ನೂ ಕೂಡಿಸಲು ದೇವರಿಂದಲೂ ಆಗದು.

ಸರೋಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು. “ಅದಕ್ಕೆ ನಿಮ್ ಕಡೆ ಏನಂತಾರೆ ಸಾರ್?”

“ಸ್ಪ್ಲಿಟ್ ಬ್ರೈನ್ ಅಂತಾರೆ ಮೇಡಂ.”

“ನಮ್ ಕಡೆ ಗಂಗ-ಪುಟ್ಟ ಅಂತೀವಿ.”

ಇದಕ್ಕೆ ಮದ್ದು ಒಂದೇ, ಮೂರನೇ ಮತ. ಬೇರೊಂದು ಜಾಗದಲ್ಲಿ, ಬೇರೆಯದೇ ತಂತಿಯಲ್ಲಿ, ಒಂದು ಚಿಕ್ಕ ಸಾಕ್ಷಿಯ ಯಂತ್ರ. ನಂಟು ಕಡಿದಾಗ ಸರ್ವರ್‌ಗಳು ಅದರ ಬಳಿ ಓಡುತ್ತವೆ. ಅದರ ಮತ ಸಿಕ್ಕಿದ್ದು ನಡೆಯುತ್ತದೆ, ಸಿಗದ್ದು ತೆಪ್ಪಗೆ ಕೂರುತ್ತದೆ. ಹಿಂದಿನ ಬೀದಿಯ ಸರೋಜಮ್ಮನ ಶೆಡ್ಡಿನಲ್ಲಿ ಇಡೋಣ ಎಂದೆ. ನಾನೇ ಎಂದೆ. ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಮಾಡುವಾಗ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಅನುಮಾನಕ್ಕೆ ಜಾಗವೇ ಉಳಿದಿಲ್ಲ.

“ಅಕ್ಕ ಅವನ ಪರ,” ಅಂದರು ಗಂಗಾಧರಪ್ಪ.

“ಯಾವತ್ತಿದ್ಲು ಸಾರ್? ಅಣ್ಣನ ಪರಾನೇ,” ಅಂದರು ಪುಟ್ಟಸ್ವಾಮಿ. ಇಬ್ಬರಿಗೂ ಸಮನಾಗಿ ಅಪನಂಬಿಕೆ ಇದ್ದದ್ದರಿಂದ ಜಾಗ ಖಾಯಂ ಆಯಿತು.

ಆ ಯಂತ್ರ ಸತ್ತರೆ ಫೋನಿಗೆ ಸಂದೇಶ ಬರುತ್ತದೆ ಎಂದೆ. ಇಬ್ಬರೂ ನಂಬಲಿಲ್ಲ. ಯಂತ್ರದ ಹಸಿರು ದೀಪ ಉರಿಯುವುದನ್ನು ಕಣ್ಣಾರೆ ನೋಡಬೇಕಂತೆ. ಒಬ್ಬರು ನೋಡಿ ಬಂದು ಹೇಳಿದರೆ ಇನ್ನೊಬ್ಬರಿಗೆ ಸಾಲದು. ಹೀಗೆ ಇಬ್ಬರೂ ದಿನಾ ಬೆಳಿಗ್ಗೆ ಅಕ್ಕನ ಶೆಡ್ಡಿಗೆ ಬರುವುದೆಂದಾಯಿತು. ಜಗತ್ತಿನ ಯಾವ ಸ್ಯಾನ್ ನಕ್ಷೆಯಲ್ಲೂ ಇಲ್ಲದ ಏರ್ಪಾಡು. ಸರೋಜಮ್ಮ ಬಾಯಿ ಬಿಡದೆ ಒಂದು ಬೆಂಚು ತರಿಸಿ ದೀಪದ ಎದುರು ಹಾಕಿಸಿದರು.

ಪರೀಕ್ಷೆಯ ದಿನ ಎರಡೂ ಕೇಬಲ್ ಕಿತ್ತೆವು. ಗಂಗಾಧರಪ್ಪನವರ ಕಡೆ ಕೆಲಸ ನಡೆಯಿತು, ಪುಟ್ಟಸ್ವಾಮಿಯವರ ಪರದೆ ಕಲ್ಲಾಯಿತು. ಅಥವಾ ತಿರುಗಾಮುರುಗಾ. ಪರದೆ ನಿಂತವರು ರಸ್ತೆಗೆ ಬಂದು “ಅಕ್ಕಾ, ಇದೇನ್ ನ್ಯಾಯ?” ಎಂದು ಕೂಗಿದರು. “ಒಬ್ಬ ಸುಮ್ಕಿದ್ರೆ ತಾನೆ ಮನೆ ನಡೆಯೋದು,” ಅಂದರು ಸರೋಜಮ್ಮ. “ಹಾಕಿ ಸಾರ್ ಕೇಬಲ್ಲು.” ಹಾಕಿದೆವು. ಹಿಂದೆ ಬಿದ್ದ ಪೆಟ್ಟಿಗೆ ಮುಂದಿನದನ್ನು ನಿಧಾನಕ್ಕೆ ಓದಿಕೊಂಡು ಸಮಕ್ಕೆ ಬಂತು. ಆಗ ಆ ಗೇಟಿನಿಂದ “ಬಂತೇನೋ?” ಎಂಬ ದನಿ, ಈ ಗೇಟಿನಿಂದ “ಬಂತು” ಎಂಬ ಉತ್ತರ. ಎಷ್ಟೋ ಕಾಲದ ಮೇಲೆ ಅವರಾಡಿದ ಮೊದಲ ಮಾತು. ಉತ್ತರ ಕೊಟ್ಟವನು ಎಲೆಕ್ಟ್ರಿಷಿಯನ್ ಇದ್ದರೂ ಇರಬಹುದು. ಆ ಸಾಧ್ಯತೆಯನ್ನು ನಾನು ಪಾಠದಲ್ಲಿ ಹೇಳುವುದಿಲ್ಲ.

ಇಷ್ಟು ಯೋಚಿಸುವಷ್ಟರಲ್ಲಿ ಪೀಣ್ಯ ಬಂತು. ಇಳಿದುಬಿಟ್ಟೆ.

ಬೋರ್ಡು ಇನ್ನೂ ಒಂದೇ ಇದೆ, ಬಣ್ಣ ಹೊಸದು. ಹಿಂದಿನ ಬೀದಿಗೆ ಹೋದರೆ ಸರೋಜಮ್ಮ, ಕೂದಲೆಲ್ಲ ಬೆಳ್ಳಗಾಗಿದೆ, ಗುರುತು ಹಿಡಿದರು. ನನ್ನ ಯಂತ್ರ ಎಲ್ಲಿ ಎಂದೆ. “ಅದೆಲ್ಲ ಕಿತ್ತಾಕಿ ಎಷ್ಟೋ ವರ್ಷ ಆಯ್ತು ಸಾರ್. ಈಗೆಲ್ಲಾ ಇಂಟರ್ನೆಟ್ಟಲ್ಲೇ ಎಲ್ಲೋ ಐತಂತೆ.” ಗೋಡೆಯಲ್ಲಿ ಮೊಳೆಯ ತೂತುಗಳಷ್ಟೇ ಇದ್ದವು. ಎದುರಿನ ಬೆಂಚಿನಲ್ಲಿ, ನೋಡಲು ಏನೂ ಇಲ್ಲದಿದ್ದರೂ, ಗಂಗಾಧರಪ್ಪ ಮತ್ತು ಪುಟ್ಟಸ್ವಾಮಿ ಟೀ ಲೋಟ ಹಿಡಿದು ಯಾವುದೋ ಆರ್ಡರಿನ ಬಗ್ಗೆ ಜೋರಾಗಿ ಜಗಳವಾಡುತ್ತಿದ್ದರು.

“ದಿನಾ ಇದೇ,” ಅಂದರು ಸರೋಜಮ್ಮ, ಮುಖ ಅರಳಿಸಿ. “ಒಂದಿನ ತಪ್ಸಲ್ಲ.”

ನಾನು ಬೀಗಿದೆ. “ಇಲ್ಲಿ ಇಡೋಣ ಅಂತ ಹೇಳಿದ್ದು ಯಾರು, ನೆನಪಿದ್ಯಾ?”

“ನಾನು,” ಅಂದರು ಗಂಗಾಧರಪ್ಪ.

“ಲೇ, ನಾನ್ ಕಣೋ,” ಅಂದರು ಪುಟ್ಟಸ್ವಾಮಿ.

“ನನ್ ಶೆಡ್ಡು, ನಾನ್ ಹೇಳ್ದೆ ನೀವ್ ಹೇಳ್ತೀರಾ?” ಅಂದರು ಸರೋಜಮ್ಮ. ಮೂವರೂ ನನ್ನತ್ತ ತಿರುಗಿದರು. “ಹೇಳಿ ಸಾರ್, ಯಾರು?”

‘ನಾನೇ’ ಎಂಬುದು ನಾಲಗೆಯ ತುದಿಗೆ ಬಂದಿತ್ತು. “ನನಗೆ ನೆನಪಿಲ್ಲ,” ಎಂದೆ.

“ಸುಳ್ಳು!” ಅಂದರು ಮೂವರೂ, ಒಂದೇ ಬಾಯಲ್ಲಿ. ಹಾಗೆ ಒಟ್ಟಿಗೆ ಅಂದದ್ದಕ್ಕೆ ಅವರಿಗೇ ನಗು ಬಂತು. ನನಗೂ ಬೆಂಚಿನಲ್ಲಿ ಜಾಗ ಸಿಕ್ಕಿತು, ಯಾರು ಯಾವ ಕಡೆಗೆ ಸರಿಯಬೇಕೆಂದು ಅವರಿಬ್ಬರಲ್ಲಿ ಸಣ್ಣದೊಂದು ಜಗಳವಾದ ಮೇಲೆ.