ನಂಬರು ಅಳಿಸಿದ ಗಾಡಿ

ವಿಲ್ಫ್ ಗಾರ್ಬಟ್ ಕಳೆದ ಜುಲೈ ಹತ್ತರ ಶನಿವಾರ ಮಧ್ಯಾಹ್ನ ತೀರಿಕೊಂಡ. ಎಪ್ಪತ್ತೆರಡು ವರ್ಷವಾಗಿತ್ತು. ಹಳೆಯ ಯುದ್ಧವಾಹನಗಳ ಪ್ರದರ್ಶನ ನಡೆಯುತ್ತಿದ್ದ ಹೊಲದಲ್ಲಿ, ತನ್ನ ಗಾಡಿಯ ಪಕ್ಕದಲ್ಲೇ, ಹೃದಯ ನಿಂತುಹೋಯಿತು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದರಲ್ಲಿ ಗಾಡಿ ಯಾವ ತುಕಡಿಯದೆಂದು ಹೇಳುವ ಸಾಲು ತಪ್ಪು.

ಅಂತ್ಯಕ್ರಿಯೆಗೆ ಅಂಥ ವಾಹನ ಇಟ್ಟವರ ಕ್ಲಬ್ಬಿನ ಹನ್ನೆರಡು ಜನ ತಾವು ಎಂದೂ ಸೇರದ ಸೈನ್ಯಗಳ ಸಮವಸ್ತ್ರ ತೊಟ್ಟು ಬಂದರು. ಅವರಲ್ಲಿ ಒಬ್ಬ ಪಿಂಗಾಣಿ ವ್ಯಾಪಾರಿ, ಒಬ್ಬ ಬಸ್ ಡ್ರೈವರ್, ಇಬ್ಬರು ವಿಮೆ ಏಜೆಂಟರು. ಎದೆಯ ಮೇಲೆ ಸಂತೆಯಲ್ಲಿ ಕೊಂಡ ಪದಕಗಳು. ಗ್ಯಾಸು ತುಂಬಿ ಬರೀ ಸದ್ದು ಹೊರಡಿಸುವ ಬಂದೂಕನ್ನು ಸ್ಮಶಾನದ ಗೋಡೆಯ ಮೇಲೆ ಇಟ್ಟು ಗೌರವಕ್ಕೆಂದು ಹಾರಿಸಿದರು. ಮರದ ಕಾಗೆಗಳೆಲ್ಲ ಎದ್ದವು. ವಿಲ್ಫ್‌ನ ಹೆಂಡತಿ ಮ್ಯೂರಿಯಲ್ ಅವರ ಸಾಲನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ಮಲ್ಲಿ ಒಬ್ಬರ ಮನೇಲಾದ್ರೂ ಒಂದು ಕರಿ ಕೋಟು ಇರ್ಲಿಲ್ವಾ?" ಎಂದು ಕೇಳಿದಳು.

ಇಂಗ್ಲೆಂಡಿನ ಲಿಂಕನ್‌ಶೈರ್‌ನ ಆ ತಗ್ಗು ಸೀಮೆಯಲ್ಲಿ ಎತ್ತ ನೋಡಿದರೂ ಕೋಸು, ಆಲೂಗಡ್ಡೆ, ಕಾಲುವೆ. ವಿಲ್ಫ್ ಅಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರ್‌ಗಳನ್ನೂ ಆಲೂಗಡ್ಡೆ ಕೀಳುವ ಯಂತ್ರಗಳನ್ನೂ ರಿಪೇರಿ ಮಾಡಿದ. ಎಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದ. ಅವನ ಹುಚ್ಚು ಮಾತ್ರ ಬೇರೆ. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಸೈನ್ಯದ ಎರಡು ಮೋಟಾರ್ ಸೈಕಲ್ಲು, ನಳಿಗೆಗೆ ಬೆಸುಗೆ ಹಾಕಿ ಬಾಯಿ ಕಟ್ಟಿದ ಐದು ಬಂದೂಕು, ಎಲ್ಲಕ್ಕೂ ಮುದ್ರೆಯೊತ್ತಿದ ಕಾಗದ. ನಡುವೆ, ಮನೆದೇವರ ಜಾಗದಲ್ಲಿ ಎನ್ನಬೇಕು, ಕ್ಯಾರಿಯರ್ ನಿಂತಿತ್ತು. ಉಕ್ಕಿನ ಮೈ, ಎರಡು ಬದಿಗೂ ಸರಪಳಿ ಪಟ್ಟಿ, ತಲೆಯ ಮೇಲೆ ಏನೂ ಇಲ್ಲದ, ಎರಡನೆಯ ಮಹಾಯುದ್ಧದ ಕಾಲದ ಸಣ್ಣ ಯುದ್ಧಗಾಡಿ. ಹೆಚ್ಚೆಂದರೆ ನಾಲ್ವರು ಕೂರಬಹುದು. "ಮನೆ ಚಾವಣಿ ಸೋರ್ತಾ ಇದೆ. ಇವನು ಚಾವಣಿನೇ ಇಲ್ದಿರೋ ಗಾಡಿಗೆ ಇಡೀ ಚಳಿಗಾಲ ಎಣ್ಣೆ ಸವರ್ತಾನೆ" ಎಂದು ಮ್ಯೂರಿಯಲ್ ಬಂದವರಿಗೆಲ್ಲ ಹೇಳುತ್ತಿದ್ದಳು. ಬೇಸರವಿತ್ತು, ಜಗಳವಿರಲಿಲ್ಲ.

ಬೆಲ್ಜಿಯಮ್ಮಿನ ಒಂದು ಗುಜರಿಯಲ್ಲಿ, ತುರಿಕೆ ಗಿಡಗಳ ನಡುವೆ ಬಿದ್ದಿದ್ದ ಆ ಗಾಡಿಯನ್ನು ಅವನು ತಂದದ್ದು ತೊಂಬತ್ತೊಂದರಲ್ಲಿ. ಒಂದು ಪಕ್ಕದ ತಗಡು ಒಳಕ್ಕೆ ಬಾಗಿತ್ತು. ಒಳಗೆ ಮೊಣಕಾಲುದ್ದದ ಮಣ್ಣು, ಗ್ರೀಸು, ಕೊಳೆತ ಎಲೆ.

ಇಂಥ ಗಾಡಿಯನ್ನು ಎತ್ತಿ ನಿಲ್ಲಿಸುವವರಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದು, ಮೈಯ ಬಣ್ಣವನ್ನು ಒದ್ದೆ ಮರಳು ಕಾಗದದಿಂದ ಪದರ ಪದರವಾಗಿ ಉಜ್ಜುವುದು. ಮೇಲಿನ ಕೆಂಪು ಹೋದರೆ ಬೂದು, ಬೂದು ಹೋದರೆ ಹಸಿರು, ಆ ಹಸಿರಿನ ಮೇಲೆ ಒಂದು ದಿನ ಮಂಜಿನಲ್ಲಿ ಮುಖ ಕಂಡಂತೆ ಬಿಳಿಯ ಅಂಕಿಗಳು ಕಾಣುತ್ತವೆ. ಸೈನ್ಯ ಆ ಗಾಡಿಗೆ ಕೊಟ್ಟ ನಂಬರು ಅದು. ವಾರಗಟ್ಟಲೆಯ ಕೆಲಸ. ಎರಡನೆಯದು, ಒಳಗಿನ ಕೆಸರನ್ನು ಬಿಸಾಡದೆ ಗೊಬ್ಬರದ ಚೀಲಗಳಲ್ಲಿ ತುಂಬಿಟ್ಟು ಚಳಿಗಾಲದಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿ ಜರಡಿ ಹಿಡಿಯುವುದು. ಗುಂಡಿ, ನಾಣ್ಯ, ಖಾಲಿ ತೋಟಾ ಸಿಗುತ್ತವೆ. ಕ್ಲಬ್ಬಿನಲ್ಲಿ ಹೊಸಬರಿಗೆ ಉಜ್ಜುವುದನ್ನು ಕಲಿಸುತ್ತಿದ್ದವನೇ ವಿಲ್ಫ್. ಕೆರೆಯಬೇಡ, ಉಜ್ಜು, ಅದು ತಾನಾಗಿ ಮೇಲೆ ಬರುತ್ತೆ ಎನ್ನುತ್ತಿದ್ದ.

ಅವನೇ ಆ ವರ್ಷ ಉಜ್ಜಲಿಲ್ಲ. ತೊಂಬತ್ತನಾಲ್ಕು, ನಲವತ್ತನಾಲ್ಕರ ಕಾಳಗಗಳ ಐವತ್ತನೆಯ ವರ್ಷದ ನೆನಪಿನ ಭಾರಿ ಪ್ರದರ್ಶನ. ಕ್ಲಬ್ಬಿನ ಕಾರ್ಯದರ್ಶಿ ರೋಲಂಡ್ ಪಿಂಚ್‌ಬೆಕ್ ಶಾಲೆಯ ಮಕ್ಕಳ ಸಮವಸ್ತ್ರ ಮಾರುವ ಅಂಗಡಿಯವನು, ಪ್ರದರ್ಶನದ ಮೂರು ದಿನವೂ ಮೈಕು ಅವನ ಕೈಯಲ್ಲಿ. ಮೆರವಣಿಗೆಯ ಮುಂದೆ ಕ್ಯಾರಿಯರ್ ಇರಲೇಬೇಕೆಂದು ಅವನು ಏಪ್ರಿಲ್‌ನಿಂದ ಬೆನ್ನು ಹತ್ತಿದ. ಆತುರಗಾರನಿಗೆ ಬುದ್ಧಿ ಮಟ್ಟ. ವಿಲ್ಫ್ ಒಳಗಿನ ಕೆಸರನ್ನು ಹನ್ನೊಂದು ಚೀಲಕ್ಕೆ ತುಂಬಿ ಕೊಟ್ಟಿಗೆಯ ಮೂಲೆಗಿಟ್ಟ. ಗಾಡಿಯ ಮೈಯನ್ನು ಲಾರಿಯಲ್ಲಿ ಹಾಕಿ, ಗಾಳಿಯ ರಭಸದಲ್ಲಿ ಮರಳು ಹೊಡೆದು ಬಣ್ಣ ಕಿತ್ತುಕೊಡುವವರಲ್ಲಿಗೆ ಕಳಿಸಿದ. ಒಂದೇ ದಿನದಲ್ಲಿ ಗಾಡಿ ತೊಳೆದ ಪಾತ್ರೆಯ ಹಾಗೆ ಬೆಳ್ಳಗಾಗಿ ಬಂತು. ನಂಬರು ಮರಳಿನ ಜೊತೆ ಎಲ್ಲೋ ಹೋಯಿತು.

ಬಣ್ಣ ಬಳಿದ ಮೇಲೆ ಗುರುತು ಬೇಕಲ್ಲ. ನಂಬರು ಗೊತ್ತಿಲ್ಲದವರು ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ: ಜನಕ್ಕೆ ಇಷ್ಟವಾದ ಒಂದು ತುಕಡಿಯನ್ನು ಆರಿಸಿಕೊಂಡ. ಕೆಂಪು ನರಿಯ ಲಾಂಛನದ ತುಕಡಿ. ಮುಂದೊಂದು, ಹಿಂದೊಂದು, ಓಡುವ ಕೆಂಪು ನರಿ. ಪಕ್ಕಕ್ಕೆ ಮನಸ್ಸಿಗೆ ಬಂದ ಆರು ಅಂಕಿ. ಜುಲೈಯಲ್ಲಿ ಜನ ಚಪ್ಪಾಳೆ ತಟ್ಟಿದರು. ಎಂಜಿನ್ನಿನ ಗುಡುಗು ಪಾದದಿಂದ ಹಲ್ಲಿನವರೆಗೆ ಏರುವಾಗ ವಿಲ್ಫ್ ಮದುಮಗನ ಹಾಗೆ ನಗುತ್ತಿದ್ದ. ಆ ನಗುವನ್ನು ಇಲ್ಲವೆನ್ನಲಾಗದು. ಆ ಗಾಡಿ ಓಡಿಸುವುದೆಂದರೆ ಅವನಿಗೆ ಪ್ರಾಣ.

ನವೆಂಬರಿನಲ್ಲಿ ಜರಡಿ ಹಿಡಿದ. ಒಂಬತ್ತನೆಯ ಚೀಲದಲ್ಲಿ ಚಮಚದ ಹಿಡಿ, ಹದಿನಾಲ್ಕು ತೋಟಾ, ಒಂದು ಹೊಲಿಗೆಯ ಬೆರಳುಟೋಪಿ ಸಿಕ್ಕವು. ಆಮೇಲೆ ಹೆಬ್ಬೆರಳುದ್ದದ ಒಂದು ಕಂದು ತುಂಡು. ಬೇರೆಯದರ ಜೊತೆ ಅದನ್ನೂ ಸೀಮೆಎಣ್ಣೆಗೆ ಹಾಕಿ ಕುಂಚದಿಂದ ತಿಕ್ಕಿದ. ಮನುಷ್ಯನ ದವಡೆಯ ಮೂಳೆ, ಅದರಲ್ಲಿ ಎರಡು ಹಲ್ಲು ಕಂಡವು. ಒಂದರಲ್ಲಿ ಹುಳುಕಿಗೆ ತುಂಬಿಸಿದ ಬೆಳ್ಳಿ.

ವಿಲ್ಫ್‌ಗೆ ಮೊದಲು ಆದದ್ದು ಸಂತೋಷ. ಇದನ್ನು ಅವನು ಸಾಯುವವರೆಗೂ ಮುಚ್ಚಿಡಲಿಲ್ಲ, ಕೇಳದವರಿಗೂ ಹೇಳಿದ. ಗಾಡಿ ಯುದ್ಧ ಕಂಡಿದೆ, ಬರೀ ತರಬೇತಿಯ ಗಾಡಿಯಲ್ಲ ಎಂದು ಎದೆ ಹಿಗ್ಗಿತು. ಹೆಂಡತಿಗೆ ಹೇಳುವ ಮುಂಚೆ ರೋಲಂಡ್‌ಗೆ ಫೋನು ಮಾಡಿದ. ರೋಲಂಡ್ ಅರ್ಧ ಗಂಟೆಯಲ್ಲಿ ಕ್ಯಾಮೆರಾ ಹಿಡಿದು ಬಂದ. ಅಡುಗೆಮನೆಯ ಮೇಜಿನ ಮೇಲೆ, ಚಹದ ಬಸಿಯಲ್ಲಿ ಅದನ್ನಿಟ್ಟು, ಪಕ್ಕಕ್ಕೆ ಅಳತೆಗೆಂದು ಬೆಂಕಿಪೊಟ್ಟಣ ಇಟ್ಟು, ಚಿತ್ರ ತೆಗೆಯತೊಡಗಿದರು. ಗಾಜಿನ ಪೆಟ್ಟಿಗೆ ಮಾಡಿಸಬೇಕು, ಚಾಲಕನ ಆಸನದ ಮೇಲೆ ಇಡಬೇಕು, ಇಂಥದ್ದು ಇಡೀ ದೇಶದಲ್ಲಿ ಯಾರ ಹತ್ತಿರವೂ ಇಲ್ಲ ಎಂದೆಲ್ಲ ರೋಲಂಡ್ ಹೇಳುತ್ತಿದ್ದ. ಮ್ಯೂರಿಯಲ್ ಒಲೆಯ ಮೇಲೆ ಹಂದಿಮಾಂಸ ಬೇಯಲು ಇಟ್ಟು ಬಂದು ಬಸಿ ನೋಡಿದಳು. ಏನೆಂದು ಕೇಳಿದಳು. ರೋಲಂಡ್ ಖುಷಿಯಿಂದ ಹೇಳಿದ.

ಅವಳು ಬಸಿಯ ಮೇಲೆ ಬಗ್ಗಿ ಹಲ್ಲನ್ನು ನೋಡಿದಳು. ಆಮೇಲೆ, "ಆ ಬೆಳ್ಳಿ ತುಂಬ್ಸೋಕೆ ಅವನಮ್ಮ ಅವನ ಕೈ ಹಿಡ್ಕೊಂಡು ಕರ್ಕೊಂಡು ಹೋಗಿರ್ತಾಳೆ ವಿಲ್ಫ್. ಅಳಬೇಡ, ಮಿಠಾಯಿ ಕೊಡಿಸ್ತೀನಿ ಅಂದಿರ್ತಾಳೆ. ನೀವಿಬ್ರೂ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟಿದೀರಿ" ಎಂದಳು.

ವಿಲ್ಫ್ ಎದ್ದು ಅಂಗಳದ ನಲ್ಲಿಗೆ ಹೋದ. ಕೈಯನ್ನು ಸಾಬೂನಿನಲ್ಲಿ ತೊಳೆದ, ಮತ್ತೆ ತೊಳೆದ. ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. ಹಂದಿಮಾಂಸವನ್ನು ಆ ದಿನ ನಾಯಿಗೆ ಹಾಕಿದರು. ಸಂಜೆಯೊಳಗೆ ಬಸಿಯ ಮೇಲೆ ಬಿಳಿ ಕರವಸ್ತ್ರ ಮುಚ್ಚಿ ಪೊಲೀಸ್ ಠಾಣೆಗೆ ಒಯ್ದು ಕೊಟ್ಟ.

ಠಾಣೆಯಿಂದ ಅದು ಸತ್ತ ಸೈನಿಕರ ವಿಷಯ ನೋಡುವ ಕಚೇರಿಗೆ ಹೋಯಿತು. ಅಲ್ಲಿಂದ ಒಬ್ಬ ಹೆಂಗಸು ಪತ್ರ ಬರೆದಳು. ಗಾಡಿಯ ನಂಬರು ತಿಳಿಸಿ. ನಂಬರಿನಿಂದ ತುಕಡಿ ತಿಳಿಯಬಹುದು, ತುಕಡಿಯಿಂದ ಗಾಡಿ ಹಾಳಾದ ದಿನ, ಆ ದಿನದಿಂದ ಕಾಣೆಯಾದ ಮೂರು ನಾಲ್ಕು ಹೆಸರು. ಅಷ್ಟು ಸಿಕ್ಕರೆ ಹಲ್ಲಿನ ದಾಖಲೆ ಹೋಲಿಸಿ ಒಂದು ಹೆಸರಿಗೆ ಬರಬಹುದು. ವಿಲ್ಫ್ ಆ ಪತ್ರವನ್ನು ಕೊಟ್ಟಿಗೆಯಲ್ಲಿ, ಹೊಳೆಯುವ ಹಸಿರು ಮೈಯ ಎದುರು ನಿಂತು ಓದಿದ. ನಂಬರು ಇಲ್ಲ ಎಂದು ಉತ್ತರ ಬರೆದ. ಯಾಕೆ ಇಲ್ಲ ಎಂಬುದನ್ನೂ ಬರೆದ. ಬೆಲ್ಜಿಯಮ್ಮಿಗೆ ಎರಡು ಸಲ ಹೋದ. ಗುಜರಿಯ ಮುದುಕ ಸತ್ತಿದ್ದ, ಅವನ ಮಗನಿಗೆ ಏನೂ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಆ ತುಂಡನ್ನು ಅಲ್ಲಿಯ ಸೈನಿಕರ ಸ್ಮಶಾನದಲ್ಲಿ ಹೆಸರಿಲ್ಲದ ಕಲ್ಲಿನ ಕೆಳಗೆ ಹೂತರು. ವಿಲ್ಫ್, ಮ್ಯೂರಿಯಲ್, ಒಬ್ಬ ಪಾದ್ರಿ, ಇಬ್ಬರು ತೋಟದ ಆಳುಗಳು. ಅಷ್ಟೇ ಜನ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ರೋಲಂಡ್‌ನ ಬಾಯಲ್ಲಿ ಅದು ಆಗ ಶುರುವಾಯಿತು. ಪ್ರತಿ ಜುಲೈಯಲ್ಲೂ ಕ್ಯಾರಿಯರ್ ಪ್ರದರ್ಶನದ ಅಖಾಡಕ್ಕೆ ಇಳಿಯುವಾಗ, ಕೆಂಪು ನರಿ ತುಕಡಿಯ ಒಬ್ಬ ವೀರ ಚಾಲಕ ಇದೇ ಆಸನದಲ್ಲಿ, ಇದೇ ಚಕ್ರ ಹಿಡಿದು ಪ್ರಾಣ ಬಿಟ್ಟನೆಂದು ಮೈಕಿನಲ್ಲಿ ಗದ್ಗದಿಸುತ್ತಿದ್ದ. ಮೊದಲ ವರ್ಷ ವಿಲ್ಫ್ ಅವನನ್ನು ಪಕ್ಕಕ್ಕೆ ಕರೆದು ಬೇಡವೆಂದ. "ಜನ ಅಳ್ತಾರೆ ಕಣೋ" ಎಂದ ರೋಲಂಡ್. "ಅಳೋದು ಒಳ್ಳೇದೇ ತಾನೆ?" ಎರಡನೆಯ ವರ್ಷವೂ ಬೇಡವೆಂದ. ಮೂರನೆಯ ವರ್ಷದಿಂದ ಏನೂ ಹೇಳಲಿಲ್ಲ. ಹೇಳಿ ಜಗಳವಾದರೆ ಅಖಾಡವಿಲ್ಲ, ಅಖಾಡವಿಲ್ಲದಿದ್ದರೆ ಗಾಡಿ ಓಡಿಸಲು ಜಾಗವಿಲ್ಲ. ಕಿವಿಗೆ ಚರ್ಮದ ಟೋಪಿ ಎಳೆದುಕೊಂಡು ಓಡಿಸುತ್ತಿದ್ದ. ಆ ನಗು ಮಾತ್ರ ಹೋಗಿತ್ತು.

ಆ ಹೊಲದ ಮೇಲೇ ಅವನಿಗೆ ಹೇಸಿಗೆ ಬಂದಿತ್ತು. ಹುರಿದ ಈರುಳ್ಳಿಯ ವಾಸನೆ, ಡೀಸೆಲ್ ಹೊಗೆ. ಹೊಸ ಶಿರಸ್ತ್ರಾಣಕ್ಕೆ ಡ್ರಿಲ್ಲಿನಲ್ಲಿ ತೂತು ಕೊರೆದು, ವಿನೆಗರಿನಲ್ಲಿ ತುಕ್ಕು ಹಿಡಿಸಿ, ಗುಂಡು ಬಿದ್ದದ್ದೆಂದು ಮಾರುವ ಅಂಗಡಿಗಳು. ನಾಜಿಗಳ ಕರಿ ಸಮವಸ್ತ್ರದಲ್ಲಿ ತಲೆಬುರುಡೆಯ ಟೋಪಿ ಹಾಕಿಕೊಂಡು, ಮೀಸೆಗೆ ಐಸ್‌ಕ್ರೀಮ್ ಮೆತ್ತಿಕೊಂಡು ತಿರುಗುವ ಗಂಡಸರು. ಅದನ್ನೆಲ್ಲ ಮನೆಗೆ ಬಂದು ಹೇಳಿದರೆ ಮ್ಯೂರಿಯಲ್ ಕೇಳುತ್ತಿದ್ದಳು: "ನೀನು ಯಾವ ವೇಷ ಹಾಕಿದ್ದೆ?" ವೇಷ ಗಾಡಿಯ ಮೈಮೇಲಿತ್ತು.

ಕಳೆದ ಜುಲೈಯ ಆ ಹತ್ತನೆಯ ತಾರೀಖು, ಶನಿವಾರ. ಬೆಳಗಿನ ಸುತ್ತು ಮುಗಿದಿತ್ತು. ಗಾಡಿಯ ಹತ್ತಿರ ಚಿತ್ರ ತೆಗೆಸಿಕೊಳ್ಳುವವರ ಸಾಲು. ಆ ಸಾಲಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು, ಹೆಸರು ಎನಿಡ್ ಹ್ಯಾಲಮ್, ನಾಟಿಂಗ್‌ಹ್ಯಾಮಿನಿಂದ ಬಸ್ಸಿನಲ್ಲಿ ಬಂದವಳು, ಕೈಯಲ್ಲಿ ತೋಟದ ಗುಲಾಬಿ ಹಿಡಿದು ನಿಂತಿದ್ದಳು. ಅವಳ ಸರದಿ ಬಂತು. ಕೈಚೀಲದಿಂದ ಒಂದು ಸಣ್ಣ ಭಾವಚಿತ್ರ ತೆಗೆದಳು. ತನ್ನ ಅಪ್ಪ ಕೆಂಪು ನರಿ ತುಕಡಿಯಲ್ಲಿ ಕ್ಯಾರಿಯರ್ ಓಡಿಸುತ್ತಿದ್ದರೆಂದೂ, ನಲವತ್ತನಾಲ್ಕರ ಅಕ್ಟೋಬರಿನಲ್ಲಿ ಕಾಣೆಯಾದರೆಂದೂ, ತನಗಾಗ ಮೂರು ವರ್ಷವೆಂದೂ ಹೇಳಿದಳು. ಇಲ್ಲಿಯ ಭಾಷಣ ಕೇಳಿದ ನೆರೆಯವರೊಬ್ಬರು ಈ ಗಾಡಿಯ ವಿಷಯ ಹೇಳಿದರಂತೆ. ಅವಳ ಬಲಗೈ ಆಗಲೇ ಚಾಲಕನ ಆಸನದ ಅಂಚಿನ ಮೇಲಿತ್ತು. ಮಲಗಿದ ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದಳು.

"ಹಲ್ಲು ಸಿಕ್ಕಿತ್ತಂತಲ್ಲ ಗಾರ್ಬಟ್ ಅವರೇ. ನಮ್ಮಮ್ಮ ಹೇಳ್ತಿದ್ರು, ಅಪ್ಪನಿಗೂ ಹಲ್ಲಿಗೆ ಬೆಳ್ಳಿ ತುಂಬ್ಸಿದ್ರು ಅಂತ."

ವಿಲ್ಫ್ ಟೋಪಿ ತೆಗೆದ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದ.

"ಆ ನರಿ ನಾನು ಬರ್ದದ್ದಮ್ಮ. ಚೆನ್ನಾಗಿ ಕಾಣುತ್ತೆ ಅಂತ ಬರ್ದೆ. ಈ ಗಾಡಿ ಯಾವ ತುಕಡೀದು ಅಂತ ನಂಗೆ ಗೊತ್ತಿಲ್ಲ. ಗೊತ್ತಾಗಬಹುದಿತ್ತು. ನಂಬರನ್ನ ನಾನೇ ಅಳಿಸಿಹಾಕ್ದೆ."

"ಹಾಗಾದ್ರೆ ಅದು ಯಾರು?"

"ಗೊತ್ತಿಲ್ಲ. ನಿಮ್ಮ ತಂದೆ ಇರಬಹುದು. ಯಾರಾದ್ರೂ ಇರಬಹುದು. ಇನ್ನು ಯಾರಿಗೂ ಗೊತ್ತಾಗೋದಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಆಸನದ ಮೇಲಿದ್ದ ಕೈಯನ್ನು ತೆಗೆದು, ಏನೋ ಅಂಟಿದೆಯೆಂಬಂತೆ ಕೋಟಿಗೆ ಒರೆಸಿಕೊಂಡಳು. ಎರಡು ಸಲ ಒರೆಸಿಕೊಂಡಳು. ಗುಲಾಬಿಯನ್ನು ಗಾಡಿಯ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡು ಬಸ್ಸುಗಳು ನಿಂತಿದ್ದ ಕಡೆಗೆ ನಡೆದಳು.

ಬಣ್ಣ ಕಿತ್ತರೆ ಸವರಲೆಂದು ಎಲ್ಲರ ಗಾಡಿಯಲ್ಲೂ ಒಂದು ಸಣ್ಣ ಡಬ್ಬಿ ಇರುತ್ತದೆ. ವಿಲ್ಫ್ ಹಸಿರು ಬಣ್ಣದ ಡಬ್ಬಿ ತೆಗೆದು ಕೋಲಿನಿಂದ ಕಲಕಿದ. ಮುಂದಿನ ನರಿಯ ಮುಂದೆ ಮಂಡಿಯೂರಿ ಕೂತು, ಬಾಲದ ಕಡೆಯಿಂದ ಬಳಿಯತೊಡಗಿದ. ಸಾಲಿನವರು ಗೊಣಗಿದರು. ಚಿತ್ರ ತೆಗೆಸಿಕೊಂಡ ಮೇಲೆ ಬಳಿಯಬಾರದಿತ್ತೇ ಎಂದು ಒಬ್ಬ ಕೇಳಿದ. ರೋಲಂಡ್ ಮೈಕಿನ ಗುಡಾರದಿಂದ ಓಡಿಬಂದ.

"ಎರಡು ಗಂಟೆಗೆ ಮೆರವಣಿಗೆ ಇದೆ ಮಾರಾಯ, ಏನಾಗಿದೆ ನಿಂಗೆ? ನಾನು ಏನಂತ ಹೇಳ್ಲಿ?"

"ಹಸಿರು ಗಾಡಿ ಅಂತ ಹೇಳು" ಎಂದ ವಿಲ್ಫ್. ತಿರುಗಿ ನೋಡಲಿಲ್ಲ.

ಒಂದೇ ಕೈ ಬಳಿದರೆ ಕೆಂಪು ಹಣಕಿ ಕಾಣುತ್ತಿತ್ತು, ಎರಡನೆಯ ಕೈ ಬಳಿದ. ಹಿಂದಕ್ಕೆ ಹೋಗಿ ಇನ್ನೊಂದು ನರಿಯನ್ನೂ ಮುಚ್ಚಿದ. ಪಕ್ಕದ ಆರು ಅಂಕಿಗಳನ್ನು ಒಂದೊಂದಾಗಿ ಮುಚ್ಚಿದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಕೂತ್ಕೋ ಎಂದು ಯಾರೋ ಕುರ್ಚಿ ತಂದಿಟ್ಟರು. ಕರಿ ಸಮವಸ್ತ್ರದವನೊಬ್ಬ ಗಾಡಿಗೆ ಒರಗಿ ನಿಲ್ಲಲು ಬಂದಾಗ, ಒದ್ದೆಯಿದೆ, ಮುಟ್ಟಬೇಡ ಎಂದ. ಕುಂಚವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿದ. ಡಬ್ಬಿಯನ್ನು ಹುಲ್ಲಿನ ಮೇಲಿಟ್ಟು, ಮುಚ್ಚಳವನ್ನು ಸರಿಯಾಗಿ ಕೂರಿಸಿ, ಸುತ್ತಲೂ ಬೂಟಿನ ಹಿಮ್ಮಡಿಯಿಂದ ಒತ್ತಿ ಗಟ್ಟಿ ಮಾಡಿದ.