ತಿರುಗಿಸಿ ಇಟ್ಟ ತುಂಡು

ನನ್ನ ಸೋದರತ್ತೆ ಬಟ್ಟೆ ಉಳಿಸುವುದರಲ್ಲಿ ಎತ್ತಿದ ಕೈ. ಹದಿನೆಂಟು ವರ್ಷ ಟೈಲರ್ ಆಗಿದ್ದವಳು, ಒಂದು ಅಂಗಿಯ ಬಟ್ಟೆಯಲ್ಲಿ ಅಂಗಿಯನ್ನೂ ಹೊಲಿದು ಮಗುವಿಗೊಂದು ಟೋಪಿಯನ್ನೂ ತೆಗೆಯುತ್ತಿದ್ದಳು. ಆ ಕತ್ತರಿಯ ಹಿಡಿತ ನೋಡಿಯೇ ರಾಕೆಟ್ ಎಂಜಿನ್ನಿನ ಟರ್ಬೈನ್ ಅಲಗು ಮಾಡುವ ಕಾರ್ಖಾನೆಯವರು ಅವಳನ್ನು ಸೇರಿಸಿಕೊಂಡರು. ಪ್ಯಾಕಿಂಗ್ ಮೇಜಿಗೆ ನನ್ನನ್ನು ಸೇರಿಸಿದವಳೂ ಅವಳೇ.

ಅಲ್ಲಿಯೂ ಬಟ್ಟೆಯದೇ ಕೆಲಸ. ಬೆಂಕಿಗೆ ಜಗ್ಗದ ಸೆರಾಮಿಕ್ ನೂಲಿನ ಕಪ್ಪು ಬಟ್ಟೆಯನ್ನು ಕತ್ತರಿಸಿ, ಅಚ್ಚಿನಲ್ಲಿ ಪದರದ ಮೇಲೆ ಪದರ ಇಟ್ಟು, ಕುಲುಮೆಯಲ್ಲಿ ವಾರಗಟ್ಟಲೆ ಕಾಯಿಸಿದರೆ ಅದೇ ಕಲ್ಲಿನಂಥ ಅಲಗಾಗುತ್ತದೆ. ಲೋಹ ಕರಗುವ ಕಾವಿನಲ್ಲೂ ಅದು ತಿರುಗಬೇಕು. ಪ್ರತಿ ಪದರದ ಎಳೆ ಹೇಳಿದ ದಿಕ್ಕಿಗೇ ಇರಬೇಕು. ಅಡ್ಡ ಬಿದ್ದರೆ ಅಲ್ಲಿ ತ್ರಾಣವಿಲ್ಲ, ಅಲಗು ಮುರಿದರೆ ಎಂಜಿನ್ನೇ ಚೂರು.

ಒಂದು ಬೆಳಿಗ್ಗೆ, ತಿಂಗಳಿಂದ ತುಂಬಿದ್ದ ಚಿಂದಿ ಡಬ್ಬ ಖಾಲಿ ಮಾಡುವಾಗ ಅತ್ತೆ ಒಂದು ಚೂರನ್ನು ನೋಡಿ ನಿಂತುಬಿಟ್ಟಳು. ಬಟ್ಟೆ ಸಾಲದಾದಾಗ ತುಂಡನ್ನು ಎಳೆಗೆ ಅಡ್ಡವಾಗಿ ತಿರುಗಿಸಿ ಕತ್ತರಿಸಿದರೆ ಮಾತ್ರ ಅಂಥ ಚೂರು ಉಳಿಯುತ್ತದೆ. ಟೈಲರ್ ಕೈ ತಾನಾಗಿ ಮಾಡಿದ ಉಳಿತಾಯ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅತ್ತೆಯದು ಕುಲುಮೆಗೂ ಹೋಗಿ ಬಂದಿತ್ತು. ಅವಳು ಪದರ ಹಾಕಿದ ನಲವತ್ತು ಅಲಗುಗಳಲ್ಲಿ ಆ ತುಂಡು ಯಾವುದರೊಳಗಿದೆಯೋ ಅವಳಿಗೇ ಗೊತ್ತಿರಲಿಲ್ಲ.

ನೇರ ಮ್ಯಾನೇಜರ್ ಬಳಿಗೆ ಹೋಗಿ ಹೇಳಿದಳು. ಮರುದಿನವೇ ಅಲಗುಗಳು ಎಂಜಿನ್ ಪರೀಕ್ಷೆಗೆ ಹೋಗಬೇಕಿತ್ತು. ಮೂವತ್ತು ಪದರಗಳಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಸ್ಕ್ಯಾನ್ ಪಾಸಾಗಿದೆ, ಬಾಯಿಬಿಟ್ಟರೆ ಹೋಗುವುದು ನಿಮ್ಮ ಕೆಲಸವೇ ಎಂದ ಪುಣ್ಯಾತ್ಮ. ಸ್ಕ್ಯಾನಿನಲ್ಲಿ ನೋಡಿದ್ದು ಒಳಗೆ ಟೊಳ್ಳಿದೆಯೇ ಎಂದಷ್ಟೇ. ಎಳೆಯ ದಿಕ್ಕನ್ನು ಯಾರೂ ನೋಡಿರಲಿಲ್ಲ. ಅತ್ತೆ ನನ್ನ ಮೇಜಿಗೆ ಬಂದು, ಅಲಗಿಗೊಂದರಂತೆ ಇದ್ದ ನಲವತ್ತು ಕಾರ್ಡುಗಳಲ್ಲೂ ತನ್ನ ಸಹಿಗೆ ಕಾಟು ಹೊಡೆದಳು. ಆ ಸಹಿಯಿಲ್ಲದೆ ಒಂದು ಅಲಗೂ ಗೇಟು ದಾಟುವಂತಿಲ್ಲ.

ಹಿಂದೆಯೇ ಬಂದ ಮ್ಯಾನೇಜರ್ ಕೆಂಪಾಗಿದ್ದ. "ನಾಳೆಯಿಂದ ನೀವು ಬರೋದು ಬೇಡ."

"ಬರ್ತೀನಿ ಸಾರ್. ತಪ್ಪು ನಂದು, ಹುಡುಕೋಳೂ ನಾನೇ. ಅದು ಸಿಗೋ ತನಕ ನಾನು ಎಲ್ಲೂ ಹೋಗಲ್ಲ."

ಬಂದಳು. ನನಗಂತೂ ಹೆಮ್ಮೆಯೋ ಹೆಮ್ಮೆ. ಸಹಿಯಿಲ್ಲದೆ ಬೇರೆ ದಾರಿ ಕಾಣದ ಮ್ಯಾನೇಜರ್ ಒಪ್ಪಿದ, ನಾಲ್ಕು ದಿನ ಎಳೆಯ ದಿಕ್ಕನ್ನೇ ನೋಡುತ್ತ ಮತ್ತೆ ಸ್ಕ್ಯಾನ್ ಮಾಡಿದರು. ಸಿಕ್ಕಿದ್ದು ಒಂದಲ್ಲ, ಏಳು. ಉಳಿದ ಆರನ್ನು ತಿರುಗಿಸಿದ ನೆನಪೇ ಅವಳಿಗಿರಲಿಲ್ಲ. ತನ್ನ ಕೈಗಳನ್ನು ತಾನೇ ನೋಡಿಕೊಂಡಳು. ಮ್ಯಾನೇಜರ್ ಈಗ ಮೆತ್ತಗಾಗಿ, ವರದಿಯಲ್ಲಿ ಒಂದು ಎಂದೇ ಬರೆಯೋಣ, ಉಳಿದವನ್ನು ಸುಮ್ಮನೆ ಬದಿಗಿಟ್ಟರಾಯಿತು, ನಿಮಗೂ ಒಳ್ಳೆಯದು ನಮಗೂ ಒಳ್ಳೆಯದು ಎಂದ.

ಅತ್ತೆ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. "ಏಳು ಸಾರ್," ಎಂದವಳೇ ವರದಿಯ ಏಳು ಸಾಲಿನಲ್ಲೂ, ತಪ್ಪು ಯಾರದೆಂಬಲ್ಲಿ, ತನ್ನ ಹೆಸರನ್ನು ಬರೆದಳು.