ಹಿಮದೂರಿನ ರಮ್ಮು, ನನ್ನ ಕೌಂಟರ್ ಬಟ್ಟೆ

ನನ್ನ ಗಂಡ ಡಾರ್ನ್ಲಿಯ ಮೂಗಿಗೆ ಬಾರ್ಬಡೋಸಿನ ಈ ಉತ್ತರದ ಊರುಗಳಲ್ಲೆಲ್ಲ ದೊಡ್ಡ ಹೆಸರು. ಯಾರ ಮನೆಯಲ್ಲಿ ಮದುವೆಯಾದರೂ ಗಂಡಿನ ಕಡೆಯವರು ಹಳೇ ರಮ್ಮಿನ ಬಾಟಲಿಯೊಂದನ್ನು ನಮ್ಮ ಸಾರಾಯಿ ಅಂಗಡಿಗೆ ತರಬೇಕು, ಅವನು ಮೂಸಿ ಒಪ್ಪಬೇಕು. ಆಮೇಲೇ ಕೇಕಿನ ಒಣಹಣ್ಣು ಅದರಲ್ಲಿ ನೆನೆಯೋದು. ಅವನು ಬೇಡ ಅಂದರೆ ಹಣ್ಣು ನೆನೆಯೋಲ್ಲ, ಕೇಕಿಲ್ಲ, ಮದುವೆಯೂ ಇಲ್ಲ.

ಆದರೆ ಆ ಮೂಗಿನ ಗುಟ್ಟು ನಮ್ಮಿಬ್ಬರದು. ಜೀಗುಜ್ಜೆ ಮರದಿಂದ ತಲೆಕೆಳಗಾಗಿ ಬಿದ್ದನಲ್ಲ ಪುಣ್ಯಾತ್ಮ, ಅವತ್ತಿನಿಂದ ಅದಕ್ಕೆ ವಾಸನೆಯೇ ಹತ್ತೋಲ್ಲ. ಸೀಮೆಎಣ್ಣೆ ಹಿಡಿದರೂ "ಆಹಾ" ಅಂದಾನು! ಆಗ ಮಗುವಿನ ಹಾಗೆ ಅತ್ತಿದ್ದ. "ಐಯಾಂಥಿ, ಇದು ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ ಕಣೆ."

ನಾನೇ ಒಂದು ಉಪಾಯ ಮಾಡಿದೆ. ಗ್ಲಾಸಿಗೆ ಸುರಿಯುವವಳು ಹೇಗೂ ನಾನೇ. ಸುರಿಯುವಾಗ ನಾಲಿಗೆಗೆ ಒಂದು ತೊಟ್ಟು ಬಿಟ್ಟುಕೊಳ್ಳುತ್ತೇನೆ. ಚೆನ್ನಾಗಿದ್ದರೆ ಬಟ್ಟೆ ತಗೊಂಡು ಕೌಂಟರ್ ಒರೆಸುತ್ತೇನೆ. ಕೆಟ್ಟದಾಗಿದ್ದರೆ ಬಟ್ಟೆ ಹೆಗಲ ಮೇಲೆ. ಮಿಕ್ಕ ನಾಟಕವೆಲ್ಲ ಡಾರ್ನ್ಲಿಯದು. ಅಂಗೈಗೆ ಹಾಕಿ ಉಜ್ಜುತ್ತಾನೆ, ಕಣ್ಣು ಮುಚ್ಚುತ್ತಾನೆ, "ಜಾಯಿಕಾಯಿ... ಅಜ್ಜಿಯ ಪೆಟ್ಟಿಗೆ..." ಅಂತ ಬಾಯಿಗೆ ಬಂದದ್ದು ಹೇಳುತ್ತಾನೆ, ಒಂದು ಕಣ್ಣಲ್ಲಿ ನನ್ನ ಬಟ್ಟೆ ನೋಡುತ್ತಾನೆ. ಹೀಗೇ ಎಷ್ಟೋ ಮದುವೆ ಮಾಡಿಸಿದ್ದೇವೆ.

ಈಗ ನಮ್ಮದೇ ಮಗಳ ಸರದಿ ಬಂತು. ಇರುವವಳೊಬ್ಬಳು ಕೋರಲೀ. ಅವಳು ಮೆಚ್ಚಿದ್ದು ಎಲ್ಲಿಯವನನ್ನು ಅಂತೀರಿ? ಫಿನ್ಲೆಂಡಿನವನನ್ನು! ಕಡಲಾಮೆ ಎಣಿಸೋಕೆ ಬಂದಿದ್ದ ಏರೋ ಅನ್ನುವ ಹುಡುಗ, ಉದ್ದಕ್ಕೆ ತೆಂಗಿನಮರ. ಮದುವೆಯಾದರೆ ಇವಳೂ ಅಲ್ಲಿಗೇ ಹೋಗುತ್ತಾಳಂತೆ. ಚಳಿಗಾಲದಲ್ಲಿ ಸೂರ್ಯನೇ ಸರಿಯಾಗಿ ಹುಟ್ಟದ ಊರಿಗೆ! ನಾನು ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟೆ: ಅವನು ಅಮೃತವನ್ನೇ ತರಲಿ, ಬಟ್ಟೆ ಹೆಗಲ ಮೇಲೇ.

ಶನಿವಾರ ಸಂಜೆ ಅವನು ಬಾಟಲಿ ಹಿಡಿದು ಬಂದ. ಅವರಪ್ಪನೇ ಮಾಡಿದ ರಮ್ಮಂತೆ. ಕಬ್ಬಿನ ಕಾಕಂಬಿಯನ್ನು ಹಡಗಲ್ಲಿ ತರಿಸಿ, ಭಟ್ಟಿ ಇಳಿಸಿ, ಕೋರಲೀ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಪೀಪಾಯಿಗೆ ತುಂಬಿ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಂತೆ.

ಮೂಲೆಯಲ್ಲಿ ಡಾಮಿನೋ ಆಡುತ್ತಿದ್ದ ಮುದುಕ ಬ್ರೂಮ್ಸ್ ಸುಮ್ಮನಿರುತ್ತಾನಾ? "ಕಬ್ಬೇ ಕಾಣದ ಊರಲ್ಲಿ ರಮ್ಮಾ? ಹಾಗಾದ್ರೆ ನಾನು ನಾಳೆಯಿಂದ ಹಿತ್ತಲಲ್ಲಿ ಮಂಜುಗಡ್ಡೆ ಬೆಳೀತೀನಿ ಬಿಡಪ್ಪ!"

ಅಂಗಡಿಯೆಲ್ಲ ನಕ್ಕಿತು. ಏರೋನೂ ನಕ್ಕ. ಆಮೇಲೆ ಯಾರೂ ಹೇಳದೆಯೇ ಹೊಸ್ತಿಲ ಹತ್ತಿರ ಬಗ್ಗಿ, ಸತ್ತ ಹಿರಿಯರಿಗೆ ಅಂತ ನೆಲಕ್ಕೆ ನಾಲ್ಕು ಹನಿ ಬಿಟ್ಟು ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಕಳ್ಳ, ನಮ್ಮ ಪದ್ಧತಿಯೆಲ್ಲ ಕಲಿತುಕೊಂಡೇ ಬಂದಿದ್ದ.

ಸುರಿದೆ, ತೊಟ್ಟು ನಾಲಿಗೆಗೆ ಬಿಟ್ಟೆ. ನಮ್ಮ ರಮ್ಮು ಬಾಯಿಗೆ ಬಿದ್ದ ತಕ್ಷಣ ಜಗಳಕ್ಕೆ ನಿಲ್ಲುತ್ತದೆ. ಇದು ಮೊದಲು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ, ಯಾವುದೋ ನನಗೆ ಗೊತ್ತಿಲ್ಲದ ಮರದ ಹೊಗೆ. ಗಂಟಲಿಳಿದ ಮೇಲೂ ಎದೆಯಲ್ಲಿ ಬೆಚ್ಚಗೆ ಕೂತುಬಿಟ್ಟಿತು. ಅಯ್ಯೋ ದೇವರೇ, ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ!

ಡಾರ್ನ್ಲಿ ಗ್ಲಾಸಿಗೆ ಮೂಗು ತೂರಿಸಿದ. "ಜಾಯಿಕಾಯಿ," ಅಂದ. ಬಟ್ಟೆ ನನ್ನ ಮುಷ್ಟಿಯಲ್ಲೇ ಇತ್ತು. "ಅಜ್ಜಿಯ ಪೆಟ್ಟಿಗೆ," ಅಂದ. ಹೆಗಲಿಗೆ ಹಾಕಿಕೊಳ್ಳೋಣ ಅಂತ ಕೈ ಎತ್ತಿದೆ, ಕೈ ಅರ್ಧಕ್ಕೇ ನಿಂತಿತು. "ಜಾಯಿಕಾಯಿ... ಪೆಟ್ಟಿಗೆಯೊಳಗಿನ ಜಾಯಿಕಾಯಿ..." ಪಾಪ, ಅವನ ಹಣೆಯಿಂದ ಬೆವರು ಗ್ಲಾಸಿಗೇ ಇಳಿಯುತ್ತಿತ್ತು.

ತಲೆ ಎತ್ತಿ ನೋಡಿದರೆ ಡಾರ್ನ್ಲಿಯ ಕಡೆ ಒಂದು ನರಪಿಳ್ಳೆಯೂ ನೋಡುತ್ತಿಲ್ಲ. ಎಲ್ಲರ ಕಣ್ಣೂ ನನ್ನ ಬಟ್ಟೆಯ ಮೇಲೆ! ಬ್ರೂಮ್ಸ್ ಕೌಂಟರಿಗೆ ಒರಗಿ ಪಿಸುಗುಟ್ಟಿದ, "ಒರೆಸೋದಾದ್ರೆ ಬೇಗ ಒರೆಸಮ್ಮ. ನಾನು ಗೆಲ್ಲೋ ಆಟ ಅಲ್ಲಿ ಅರ್ಧಕ್ಕೆ ನಿಂತಿದೆ."

ಎಲ್ಲರಿಗೂ ಗೊತ್ತಿತ್ತು! ಇಷ್ಟು ವರ್ಷ ಊರಿಗೆ ಊರೇ ನನ್ನ ಗಂಡನ ಮಾನ ಕಾಯ್ದುಕೊಂಡು ಬಾಯಿ ಮುಚ್ಚಿಕೊಂಡಿತ್ತು.

ಕೋರಲೀ ನನ್ನ ಪಕ್ಕ ಬಂದು ನಿಂತಳು. "ಅಮ್ಮಾ," ಅಂದಳು ಸಣ್ಣಗೆ, "ನೀನು ಯಾವತ್ತೂ ಸುಳ್ಳು ಒರೆಸಿದವಳಲ್ಲ."

ಒರೆಸಿದೆ. ಕೌಂಟರಿನ ಈ ತುದಿಯಿಂದ ಆ ತುದಿವರೆಗೆ ಒರೆಸಿದೆ, ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

"ಭೇಷ್!" ಅಂತ ಕೂಗಿಬಿಟ್ಟ ಡಾರ್ನ್ಲಿ, ಹೋದ ಜೀವ ಬಂದ ಹಾಗೆ. "ಹಣ್ಣು ನೆನೆಹಾಕ್ರಪ್ಪಾ!" ಬ್ರೂಮ್ಸ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಗಲಾಟೆಯ ನಡುವೆ ಡಾರ್ನ್ಲಿ ಕೌಂಟರಿನ ಹಿಂದೆ ಬಂದು ಕಿವಿಯಲ್ಲಿ ಕೇಳಿದ, "ಅಳ್ತಿದೀಯಲ್ಲೇ! ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಕಣೋ," ಅಂದೆ. "ಹಾಳಾದ್ದು ಒಂಚೂರು ಕೆಟ್ಟದಾಗಿದ್ದಿದ್ರೆ ಮಗಳು ಇಲ್ಲೇ ಇರ್ತಿದ್ಲು."